ಸೋಲ್‌ನಾಚೆಯ ಕೊರಿಯಾ: ಅಲ್ಲಿ ನೆಲೆಸಿದವರಿಗೆ ಸುತ್ತಾಟದ ಕೈಪಿಡಿ

ಸುವಾನ್‌ನ ಎಲೆಕ್ಟ್ರಾನಿಕ್ಸ್ ಕಂಪನಿಗೋ, ದೇಜೋನ್‌ನ ಪ್ರಯೋಗಾಲಯಕ್ಕೋ, ಉಲ್ಸಾನ್‌ನ ಹಡಗುಕಟ್ಟೆಗೋ ಬೆಂಗಳೂರಿನಿಂದ ಹೋದವರ ರಜಾದಿನಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲ ತಿಂಗಳು ಹಾನ್‌ಬೊಕ್ ತೊಟ್ಟು ಗ್ಯೋಂಗ್‌ಬೊಕ್‌ಗುಂಗ್ ಅರಮನೆಯ ಮುಂದೆ ಫೋಟೊ. ಎರಡನೆಯ ತಿಂಗಳು ನಾಮಿ ದ್ವೀಪ. ಆಮೇಲೆ ನಾಮ್‌ಸಾನ್ ಗುಡ್ಡದ ಟವರ್. ಅಲ್ಲಿಗೆ ಕೊರಿಯಾ ಮುಗಿಯಿತು ಎಂದುಕೊಂಡು, ಇಟೇವಾನ್‌ನ ಅಂಗಡಿಯಿಂದ ತೊಗರಿಬೇಳೆ ತಂದು, ಸಾರು ಕುದಿಸಿಕೊಂಡು ಮನೆಯಲ್ಲೇ ಉಳಿಯುವವರು ಬಹಳ.

ಪ್ರವಾಸಿಯ ಕೈಯಲ್ಲಿರುವುದು ಒಂದು ವಾರ. ಎಲ್ಲರೂ ಹೋಗುವಲ್ಲಿಗೆ ಅವನೂ ಹೋಗಿ ಬರಬೇಕು, ಬೇರೆ ದಾರಿಯಿಲ್ಲ. ಅಲ್ಲೇ ಮನೆ ಮಾಡಿಕೊಂಡವರಿಗೆ ವರ್ಷದ ನಾಲ್ಕೂ ಋತುಗಳು ಸಿಗುತ್ತವೆ. ಬುಧವಾರ ಒಂದು ರಜೆ ಹಾಕಿ ಹೊರಡುವ ಅನುಕೂಲವೂ ಇದೆ. ಆ ಅನುಕೂಲ ಕೈಗೆ ಹತ್ತಬೇಕಾದರೆ ಕೆಲವು ಕೆಲಸಗಳು ಮೊದಲು ಆಗಬೇಕು, ಕೆಲವು ಆಮೇಲೆ. ಆ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ.

1. ಮೊದಲು ಹೆಸರು ಸರಿಪಡಿಸಿಕೊಳ್ಳಿ

ಸುತ್ತಾಟಕ್ಕೂ ಹೆಸರಿಗೂ ಏನು ಸಂಬಂಧ ಎನ್ನಬೇಡಿ. 90 ದಿನಕ್ಕಿಂತ ಹೆಚ್ಚು ಕಾಲ ಇರುವವರು ಬಂದಿಳಿದ 90 ದಿನದೊಳಗೆ ವಲಸೆ ಕಚೇರಿಯಲ್ಲಿ ನೋಂದಾಯಿಸಿಕೊಂಡು ನಿವಾಸಿ ಕಾರ್ಡ್ ಪಡೆಯಬೇಕು. ಕಚೇರಿಗೆ ಹೋಗುವ ಸಮಯವನ್ನು ‘ಹೈಕೊರಿಯಾ’ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ವಿಶ್ವವಿದ್ಯಾಲಯಗಳು ಶುರುವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನೂಕುನುಗ್ಗಲು ಹೆಚ್ಚು. ಬಂದ ವಾರದಲ್ಲೇ ಕಾಯ್ದಿರಿಸಿದರೆ ಒಳ್ಳೆಯದು.

ಕೊರಿಯಾದಲ್ಲಿ ಆನ್‌ಲೈನ್ ವ್ಯವಹಾರಗಳ ಬಹುಪಾಲು ನಡೆಯುವುದು ಫೋನ್ ನಂಬರಿನ ಮೂಲಕ ಗುರುತು ಖಚಿತಪಡಿಸಿದ ಮೇಲೆ. ಅದನ್ನು ಅವರು ‘ಬೊನಿನ್ ಇನ್‌ಜಂಗ್’ ಎನ್ನುತ್ತಾರೆ. ಕಾಡಿನ ಪ್ರವೇಶಕ್ಕೆ ಹೆಸರು ಬರೆಸುವುದರಿಂದ ಹಬ್ಬದ ಟಿಕೆಟಿನವರೆಗೆ ಇದನ್ನೇ ಕೇಳುವ ತಾಣಗಳು ಬಹಳ. ನಮ್ಮ ಕಡೆಯ ಪಾಸ್‌ಪೋರ್ಟುಗಳಲ್ಲಿ ಕುಲನಾಮದ ಜಾಗ ಖಾಲಿ ಇರುವುದುಂಟು, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಸೇರಿಸಿರುವುದೂ ಉಂಟು. ಬ್ಯಾಂಕಿನವರು ಒಂದು ಬಗೆಯಾಗಿ, ಮೊಬೈಲ್ ಅಂಗಡಿಯವರು ಇನ್ನೊಂದು ಬಗೆಯಾಗಿ ಬರೆದುಕೊಂಡರೆ ಕಂಪ್ಯೂಟರ್ ನಿಮ್ಮನ್ನು ಇಬ್ಬರು ಮನುಷ್ಯರೆಂದು ಲೆಕ್ಕ ಹಾಕುತ್ತದೆ. ನಿವಾಸಿ ಕಾರ್ಡಿನಲ್ಲಿ ಅಕ್ಷರ, ಕ್ರಮ, ನಡುವಿನ ಜಾಗ ಹೇಗಿದೆಯೋ ಬ್ಯಾಂಕಿನಲ್ಲೂ ಫೋನಿನಲ್ಲೂ ಹಾಗೆಯೇ ಬರೆಸಿ. ಸಿಮ್ ಕೊಳ್ಳುವ ದಿನವೇ ಅಂಗಡಿಯವರ ಪರದೆಯನ್ನು ತಿರುಗಿಸಿ ನೋಡಿಕೊಳ್ಳಲು ಸಂಕೋಚ ಬೇಡ.

ಎರಡು ನಂಬರುಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ವೀಸಾ, ವಲಸೆ ಕಚೇರಿಯ ಪ್ರಶ್ನೆಗಳಿಗೆ 1345. ಪ್ರವಾಸದ ಪ್ರಶ್ನೆಗಳಿಗೆ 1330. ಇದನ್ನು ಕೊರಿಯಾ ಪ್ರವಾಸೋದ್ಯಮ ಸಂಸ್ಥೆ ನಡೆಸುತ್ತದೆ, ಇಂಗ್ಲಿಷ್‌ನಲ್ಲಿ ಮಾತನಾಡುತ್ತಾರೆ. ಹಳ್ಳಿಯ ಬಸ್ ಚಾಲಕನಿಗೆ ನಿಮ್ಮ ಮಾತು ಅರ್ಥವಾಗದೆ ಇದ್ದಾಗ 1330ಕ್ಕೆ ಕರೆ ಮಾಡಿ ಫೋನನ್ನು ಅವರ ಕೈಗೆ ಕೊಟ್ಟರೆ ನಡುವೆ ನಿಂತು ಅನುವಾದಿಸುತ್ತಾರೆ.

2. ಎರಡು ವಾರಾಂತ್ಯ ಹಂಗುಲ್‌ಗೆ

ಸೋಲ್‌ನ ಮೆಟ್ರೊದಲ್ಲಿ ಇಂಗ್ಲಿಷ್ ಫಲಕಗಳು ಸಾಕಷ್ಟಿವೆ. ಜಿಲ್ಲಾ ಕೇಂದ್ರದ ಬಸ್ ನಿಲ್ದಾಣ ದಾಟಿ ಹಳ್ಳಿಯ ಬಸ್ ಹತ್ತಿದರೆ ಬೋರ್ಡು ಹಂಗುಲ್‌ನಲ್ಲಿ ಮಾತ್ರ. ರಾಜ ಸೇಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ಮೂಲ ವ್ಯಂಜನಗಳು 14, ಮೂಲ ಸ್ವರಗಳು 10. ಕಾಗುಣಿತ, ಒತ್ತಕ್ಷರ ಬರೆದು ಬೆಳೆದವರಿಗೆ ಅಕ್ಷರಗಳನ್ನು ಗುಂಪುಗೂಡಿಸಿ ಒಂದು ಉಚ್ಚಾರವಾಗಿ ಓದುವುದು ಹೊಸತೇನಲ್ಲ. ಕಷ್ಟ ಬರುವುದು ಉಚ್ಚಾರಣೆಯಲ್ಲಿ. ಕ, ಖ ವ್ಯತ್ಯಾಸ ಗೊತ್ತಿದ್ದರೂ ಅವರ ಮೂರು ಬಗೆಯ ‘ಕ’ಗಳನ್ನು ಕಿವಿ ಬೇರ್ಪಡಿಸಲು ತಿಂಗಳುಗಳೇ ಬೇಕು. ಫಲಕ ಓದಲು ಅದು ಬೇಕಾಗಿಲ್ಲ, ಬಿಡಿ.

ಮಾತು ಕಲಿಯುವ ಮನಸ್ಸಿದ್ದರೆ ನ್ಯಾಯ ಸಚಿವಾಲಯ ನಡೆಸುವ ಸಾಮಾಜಿಕ ಏಕೀಕರಣ ತರಗತಿಗಳಿಗೆ ಸೇರಿ. ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಅಂಕ ಲೆಕ್ಕದ ನಿವಾಸ ವೀಸಾಕ್ಕೆ ಅರ್ಜಿ ಹಾಕುವಾಗ ಇದೂ ಅಂಕ ತರುತ್ತದೆ. ಕ್ರಿಯಾಪದ ಕೊನೆಯಲ್ಲಿ ಬರುವ ವಾಕ್ಯರಚನೆ ನಮ್ಮದೇ ಆದ್ದರಿಂದ, ತರಗತಿಯಲ್ಲಿರುವ ಇಂಗ್ಲಿಷ್ ಮಾತೃಭಾಷೆಯವರಿಗಿಂತ ಕನ್ನಡಿಗರು ಬೇಗ ಮುಂದೆ ಹೋಗುತ್ತಾರೆ.

3. ನಕ್ಷೆ, ಕಾರ್ಡ್, ಕೊನೆಯ ಬಸ್ಸು

ಕೊರಿಯಾ ತನ್ನ ಸವಿವರ ನಕ್ಷೆಯ ದತ್ತಾಂಶವನ್ನು ದೇಶದ ಹೊರಗೆ ಒಯ್ಯಲು ಬಹುಕಾಲ ಬಿಟ್ಟಿರಲಿಲ್ಲ. ಹಾಗಾಗಿ ನಮ್ಮೂರಿನಲ್ಲಿ ನಂಬಿಕೊಂಡ ಗೂಗಲ್ ನಕ್ಷೆಯನ್ನೇ ಅಲ್ಲೂ ನಂಬಿ ಹೊರಡಬೇಡಿ. ಊರಿನವರು ಬಳಸುವುದು ನೇವರ್ ಮ್ಯಾಪ್ ಮತ್ತು ಕಾಕಾವೊ ಮ್ಯಾಪ್. ನೇವರ್‌ಗೆ ಇಂಗ್ಲಿಷ್ ಮುಖವಿದೆ, ಆದರೆ ಚಿಕ್ಕ ಜಾಗಗಳ ಹೆಸರನ್ನು ಹಂಗುಲ್‌ನಲ್ಲಿ ಹಾಕಿ ಹುಡುಕಿದರೆ ಸಿಗುವಷ್ಟು ಇಂಗ್ಲಿಷ್‌ನಲ್ಲಿ ಸಿಗುವುದಿಲ್ಲ. ಹಿಂದಿನ ಹೆಜ್ಜೆ ಇಲ್ಲಿ ಕೈಹಿಡಿಯುತ್ತದೆ.

ಟಿ-ಮನಿ ಕಾರ್ಡನ್ನು ಯಾವುದೇ ಕನ್ವೀನಿಯನ್ಸ್ ಅಂಗಡಿಯಲ್ಲಿ ಕೊಂಡು ಅಲ್ಲೇ ಹಣ ತುಂಬಿಸಬಹುದು; ದೇಶದ ಬಹುತೇಕ ನಗರಗಳ ಬಸ್ಸಿಗೂ ಮೆಟ್ರೊಗೂ ನಡೆಯುತ್ತದೆ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಿ, ಮುಂದಿನ ಬಸ್ಸಿನ ದರ ಕಡಿಮೆಯಾಗುತ್ತದೆ. ಸೋಲ್‌ನಲ್ಲೇ ದಿನವೂ ಓಡಾಡುವವರಿಗೆ 2024ರ ಜನವರಿಯಲ್ಲಿ ಬಂದ ‘ಹವಾಮಾನ ಕಾರ್ಡ್’ ಲಾಭ. ಅದು 30 ದಿನಕ್ಕೆ 62,000 ವಾನ್ ದರದಲ್ಲಿ ಶುರುವಾಯಿತು. ಊರು ದಾಟಿ ದೂರ ಹೋದರೆ ಅದು ಕೆಲಸಕ್ಕೆ ಬಾರದು.

ಕೆಟಿಎಕ್ಸ್ ರೈಲು ಸೋಲ್‌ನಿಂದ ಬುಸಾನ್‌ಗೆ ಎರಡೂವರೆ ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಒಂದು ತಿಂಗಳ ಮೊದಲೇ ತೆರೆಯುತ್ತದೆ. ಆದರೆ ಈ ಲೇಖನದಲ್ಲಿ ಮುಂದೆ ಬರುವ ಜಾಗಗಳಲ್ಲಿ ಹಲವಕ್ಕೆ ರೈಲಿಲ್ಲ. ಗಂಗ್ನಮ್‌ನ ಎಕ್ಸ್‌ಪ್ರೆಸ್ ಬಸ್ ನಿಲ್ದಾಣ ಮತ್ತು ಹಾನ್ ನದಿಯಾಚೆಯ ದೊಂಗ್ ಸೋಲ್ ನಿಲ್ದಾಣ ನಿಮ್ಮ ನಿಜವಾದ ಹೆಬ್ಬಾಗಿಲುಗಳು. ದೂರದ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತವೆ, ಸೀಟುಗಳು ವಿಶಾಲ. ಹಳ್ಳಿ ಬಸ್ಸು ಮಾತ್ರ ದಿನಕ್ಕೆ ನಾಲ್ಕೋ ಐದೋ. ಇಳಿದ ಕೂಡಲೇ ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಸಂಜೆ ಆರರ ಮೇಲೆ ಬಸ್ಸು ಇದೆ ಎಂಬ ಭರವಸೆಯಲ್ಲಿ ಯಾವ ಕಣಿವೆಗೂ ಇಳಿಯಬೇಡಿ.

4. ಗೋಡೆಗೆ ಎರಡು ಕ್ಯಾಲೆಂಡರ್

ಕೊರಿಯಾದ ಹಬ್ಬಗಳು ಚಾಂದ್ರಮಾನದವು. ಅವರಿಗೂ ಅಧಿಕಮಾಸವಿದೆ, 2025ರಲ್ಲಿ ಆರನೆಯ ತಿಂಗಳು ಎರಡು ಸಲ ಬಂತು. ಪಂಚಾಂಗ ನೋಡಿ ಹಬ್ಬ ಮಾಡುವ ನಮಗೆ, ಈ ವರ್ಷ ಚುಸೊಕ್ ಏಕೆ ಸೆಪ್ಟೆಂಬರಿಗೆ ಬಂತು, ಹೋದ ವರ್ಷ ಏಕೆ ಅಕ್ಟೋಬರಿನಲ್ಲಿತ್ತು ಎಂದು ಯಾರೂ ವಿವರಿಸಬೇಕಿಲ್ಲ. ಚಂದ್ರನ ತಿಥಿಯನ್ನೂ ಸಣ್ಣಕ್ಷರದಲ್ಲಿ ಅಚ್ಚುಹಾಕಿರುವ ಕ್ಯಾಲೆಂಡರ್ ಸಿಕ್ಕಿದರೆ ಗೋಡೆಗೆ ತೂಗುಹಾಕಿ.

ಎರಡು ದೊಡ್ಡ ಹಬ್ಬಗಳು ಸೊಲ್ಲಾಲ್ ಮತ್ತು ಚುಸೊಕ್. ಮೊದಲನೆಯದು ಚಾಂದ್ರ ಹೊಸವರ್ಷ, ಎರಡನೆಯದು ಎಂಟನೆಯ ತಿಂಗಳ ಹುಣ್ಣಿಮೆ. ಎರಡಕ್ಕೂ ಮೂರು ಮೂರು ದಿನ ರಜೆ. ಆಗ ಇಡೀ ದೇಶ ಹುಟ್ಟೂರಿಗೆ ಹೊರಡುತ್ತದೆ. ರೈಲು ಟಿಕೆಟ್‌ಗಳನ್ನು ಬೇರೆಯೇ ದಿನ ತೆರೆಯುತ್ತಾರೆ, ಕ್ಷಣದಲ್ಲಿ ಖಾಲಿಯಾಗುತ್ತವೆ. ನನ್ನ ಸಲಹೆ: ಆ ದಿನಗಳಲ್ಲಿ ಪ್ರಯಾಣ ಬೇಡ. ಜನ ಖಾಲಿಯಾದ ಸೋಲ್‌ನಲ್ಲೇ ಉಳಿಯಿರಿ. ಅರಮನೆಗಳಿಗೆ ಸಾಮಾನ್ಯವಾಗಿ ಆಗ ಉಚಿತ ಪ್ರವೇಶ. ಸಹೋದ್ಯೋಗಿ ಯಾರಾದರೂ ಮನೆಗೆ ಕರೆದರೆ ಮಾತ್ರ ಈ ಸಲಹೆಯನ್ನು ಮರೆತು ಹೊರಡಿ. ಪೂರ್ವಿಕರಿಗೆ ಎಡೆಯಿಡುವ ‘ಚಾರ್ಯೆ’ಯನ್ನು ಮನೆಯೊಳಗೆ ನೋಡುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ. ಎಳ್ಳು, ಹೆಸರುಕಾಳಿನಂಥ ಹೂರಣ ತುಂಬಿ ಪೈನ್ ಎಲೆಯ ಮೇಲೆ ಹಬೆಯಲ್ಲಿ ಬೇಯಿಸಿದ ‘ಸೊಂಗ್‌ಪ್ಯೊನ್’ ನಮ್ಮ ಕಡುಬಿನ ಸೋದರಸಂಬಂಧಿಯಂತೆಯೇ ಇರುತ್ತದೆ. ಹಣ್ಣಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಡಿ, ಸಾಕು.

ಎರಡನೆಯ ಕ್ಯಾಲೆಂಡರ್ ಸಂತೆಯದು. ಪ್ರವಾಸಿ ಪುಸ್ತಕಗಳು ಇದಕ್ಕೆ ಕೊಡುವ ಜಾಗ ಕಡಿಮೆ, ನಾನು ಹೆಚ್ಚು ಕೊಡುತ್ತೇನೆ. ಸಣ್ಣ ಊರುಗಳಲ್ಲಿ ಐದು ದಿನಕ್ಕೊಮ್ಮೆ ಸಂತೆ ಸೇರುತ್ತದೆ, ‘ಒಇಲ್‌ಜಾಂಗ್’ ಎನ್ನುತ್ತಾರೆ. ತಾರೀಖಿನ ಕೊನೆಯ ಅಂಕಿಯಿಂದ ಲೆಕ್ಕ. ಗಂಗ್‌ವಾನ್ ಪ್ರಾಂತದ ಜೊಂಗ್‌ಸೊನ್‌ನಲ್ಲಿ 2 ಮತ್ತು 7, ಅಂದರೆ 2, 7, 12, 17, 22, 27. ಸೋಲ್ ಪಕ್ಕದ ಸೊಂಗ್ನಾಮ್‌ನ ಮೊರಾನ್‌ನಲ್ಲಿ 4 ಮತ್ತು 9. ಇಲ್ಲಿಗೆ ಮೆಟ್ರೊ ಇದೆ, ಆದ್ದರಿಂದ ಮೊದಲ ಸಂತೆಗೆ ಇದೇ ಸಲೀಸು. ಜೊಂಗ್‌ಸೊನ್‌ಗೆ ವಸಂತದಲ್ಲಿ ಹೋಗಿ. ಬೆಟ್ಟದ ಸೊಪ್ಪುಗಳನ್ನು ಗುಡ್ಡೆ ಹಾಕಿಕೊಂಡು ಅಜ್ಜಿಯರು ಕೂತಿರುತ್ತಾರೆ. ‘ಗೊಂದುರೆ’ ಎಂಬ ಕಾಡುಸೊಪ್ಪು ಬೆರೆಸಿ ಬೇಯಿಸಿದ ಅನ್ನ, ಜೋಳದ ಹಿಟ್ಟಿನ ದೋಸೆಯೊಳಗೆ ಕೆಂಪು ಕಾಳಿನ ಹೂರಣ ಮಡಿಚಿದ ‘ಸುಸು ಬುಕ್ಕುಮಿ’ ಅಲ್ಲಿಯ ವಿಶೇಷ. ಅಜ್ಜಿಯರನ್ನು ‘ಹಾಲ್ಮೊನಿ’ ಎಂದು ಕರೆದರೆ ತೂಕದ ಮೇಲೆ ಒಂದು ಹಿಡಿ ಹೆಚ್ಚು ಬೀಳುವುದುಂಟು. ಆ ಕೊಸರಿಗೆ ‘ದೊಮ್’ ಎನ್ನುತ್ತಾರೆ. ಚೌಕಾಶಿಗಿಂತ ಅದನ್ನು ಕೇಳುವುದೇ ಅಲ್ಲಿಯ ರೀತಿ.

5. ಯಾವ ಹಬ್ಬಕ್ಕೆ ಹೋಗಬೇಕು

ಹೆಸರಿಗೆ ನೂರಾರು ಉತ್ಸವಗಳಿವೆ. ಕೆಲವು ಊರಿನ ಸರಕು ಮಾರಲು ಹುಟ್ಟಿದವು. ಜುಲೈನಲ್ಲಿ ದೇಚೊನ್ ಕಡಲತೀರದಲ್ಲಿ ನಡೆಯುವ ಬೊರ್ಯೊಂಗ್ ಕೆಸರು ಹಬ್ಬವನ್ನು 1998ರಲ್ಲಿ ಆರಂಭಿಸಿದ್ದು ಅಲ್ಲಿಯ ಮಣ್ಣಿನ ಸೌಂದರ್ಯವರ್ಧಕಗಳ ಪ್ರಚಾರಕ್ಕೆ. ಗೆಳೆಯರ ಗುಂಪಿದ್ದರೆ ಮಜಾ, ಸಂಸ್ಕೃತಿ ಹುಡುಕಿಕೊಂಡು ಹೋಗಬೇಡಿ. ಜನವರಿಯಲ್ಲಿ ಹ್ವಾಚೊನ್ ನದಿಯ ಮಂಜುಗಡ್ಡೆ ಕೊರೆದು ಟ್ರೌಟ್ ಮೀನು ಹಿಡಿಯುವ ಉತ್ಸವಕ್ಕೆ ಜನಜಾತ್ರೆ. ಪ್ರಾಣಿದಯೆಯ ಸಂಘಟನೆಗಳ ಆಕ್ಷೇಪವೂ ಅಷ್ಟೇ ಜೋರು. ನಾನು ಯಾರಿಗೂ ಹೇಳುವುದಿಲ್ಲ.

ಹೇಳುವುದು ಇವನ್ನು. ಮೊದಲನೆಯದು, ನಾಲ್ಕನೆಯ ಚಾಂದ್ರಮಾಸದ ಎಂಟನೆಯ ದಿನ ಬರುವ ಬುದ್ಧ ಜಯಂತಿಯ ಹೊತ್ತಿನ ಯೊಂದುಂಗ್‌ಹ್ವೆ. ಯುನೆಸ್ಕೊ ಪಟ್ಟಿಗೆ 2020ರಲ್ಲಿ ಸೇರಿದ ದೀಪೋತ್ಸವ ಇದು. ಹಬ್ಬಕ್ಕೆ ಮುಂಚಿನ ಒಂದು ಶನಿವಾರ ಸಂಜೆ ದೊಂಗ್‌ದೇಮುನ್ ಬಾಗಿಲಿನಿಂದ ಜೊಗ್ಯೆಸಾ ದೇವಾಲಯದವರೆಗೆ ಜೊಂಗ್ನೊ ರಸ್ತೆಯುದ್ದಕ್ಕೂ ಕಾಗದದ ದೀಪ ಹಿಡಿದವರ ಮೆರವಣಿಗೆ. ನೋಡುವವರಿಗೆ ಟಿಕೆಟ್ ಇಲ್ಲ. ರಸ್ತೆಬದಿಯ ಕುರ್ಚಿಗಾಗಿ ಒಂದು ಗಂಟೆ ಮುಂಚೆ ಹೋಗಬೇಕು. ಮರುದಿನ ಜೊಗ್ಯೆಸಾ ಎದುರಿನ ಬೀದಿಯಲ್ಲಿ ಕಮಲದ ದೀಪ ಮಾಡಲು ಕಲಿಸುತ್ತಾರೆ, ಬೇರೆ ಬೇರೆ ದೇಶಗಳ ಬೌದ್ಧರ ಮಳಿಗೆಗಳೂ ಇರುತ್ತವೆ. ಆ ಭಾನುವಾರ ನನಗೆ ಮೆರವಣಿಗೆಗಿಂತ ಇಷ್ಟ.

ಎರಡನೆಯದು ಪೂರ್ವ ಕರಾವಳಿಯ ಗಂಗ್ನುಂಗ್ ಊರಿನ ದಾನೊ ಹಬ್ಬ. ಐದನೆಯ ತಿಂಗಳ ಐದನೆಯ ದಿನದ ಆಸುಪಾಸು, ಸಾಮಾನ್ಯವಾಗಿ ಜೂನ್. 2005ರಲ್ಲೇ ಯುನೆಸ್ಕೊ ಗುರುತಿಸಿದ ಈ ಹಬ್ಬದ ತಯಾರಿ ತಿಂಗಳ ಮೊದಲೇ ಆರಂಭವಾಗುತ್ತದೆ. ಊರವರು ಮನೆಮನೆಯಿಂದ ಅಕ್ಕಿ ಕೊಡುತ್ತಾರೆ, ಅದರಿಂದ ದೇವರ ಮದ್ಯ ಕಾಸುತ್ತಾರೆ, ದೇಗ್ವಾಲ್ಯೊಂಗ್ ಘಟ್ಟದ ದೇವರನ್ನು ಊರಿಗೆ ಇಳಿಸಿಕೊಂಡು ಬರುತ್ತಾರೆ. ನಾಮ್ದೇಚೊನ್ ಹೊಳೆಯ ದಂಡೆಯಲ್ಲಿ ಡೇರೆ ಹಾಕಿ ‘ಮುದಾಂಗ್’ ಎಂದು ಕರೆಯುವ ಶಮನ್ ಹೆಂಗಸರು ಗಂಟೆಗಟ್ಟಲೆ ಹಾಡಿ ಕುಣಿಯುತ್ತಾರೆ. ಭೂತಕೋಲ ನೋಡಿ ಬೆಳೆದ ಕರಾವಳಿಯವರು ಇಲ್ಲಿ ಬೇಗ ಎದ್ದು ಬರಲಾರರು. ಗ್ವಾನ್ನೊ ಎಂಬ ಮುಖವಾಡದ ಆಟದಲ್ಲಿ ಮಾತೇ ಇಲ್ಲ, ಆದ್ದರಿಂದ ಭಾಷೆ ಬಾರದವರಿಗೂ ಪೂರ್ತಿ ದಕ್ಕುತ್ತದೆ. ಹೆಂಗಸರು ‘ಚಾಂಗ್‌ಪೊ’ ಕುದಿಸಿದ ನೀರಿನಲ್ಲಿ ತಲೆ ತೊಳೆಯುವ ಪದ್ಧತಿಯೂ ಉಂಟು. ಹೊಳೆದಂಡೆಯಲ್ಲಿ ಆ ಬೋಗುಣಿಯ ಮುಂದೆ ನಿಂತರೆ ಪರಿಚಿತ ವಾಸನೆ ಮೂಗಿಗೆ ಬಡಿಯುತ್ತದೆ: ಚಾಂಗ್‌ಪೊ ಎಂದರೆ ನಮ್ಮಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯ ಗಿಡವೇ. ಸೋಲ್‌ನಿಂದ ಕೆಟಿಎಕ್ಸ್‌ನಲ್ಲಿ ಎರಡು ಗಂಟೆ.

ಶರತ್ಕಾಲಕ್ಕೆ ಆಂದೊಂಗ್. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮುಖವಾಡ ನೃತ್ಯೋತ್ಸವ ನಡೆಯುತ್ತದೆ, 1997ರಿಂದ ಇದೆ. ಹಬ್ಬದ ಗಲಾಟೆ ಬೇಡವಾದರೆ ಪಕ್ಕದ ಹಾಹ್ವೆ ಹಳ್ಳಿಗೆ ಬೇರೆ ದಿನ ಹೋಗಿ. ವರ್ಷದ ಬಹುಪಾಲು ವಾರಾಂತ್ಯಗಳಲ್ಲಿ ಅಲ್ಲಿಯ ಮುಖವಾಡದ ಆಟ ಇರುತ್ತದೆ. ದೊಡ್ಡ ಮನೆತನದ ಯಾಂಗ್ಬಾನ್‌ನನ್ನೂ ಸನ್ಯಾಸಿಯನ್ನೂ ಒಟ್ಟಿಗೆ ಗೇಲಿ ಮಾಡುವ ಆಟ ಅದು. ಅಕ್ಟೋಬರಿನಲ್ಲೇ ದಕ್ಷಿಣದ ಜಿಂಜುವಿನಲ್ಲಿ ನಾಮ್ ನದಿಯ ಮೇಲೆ ದೀಪಗಳು ತೇಲುತ್ತವೆ. 1592ರಲ್ಲಿ ಜಪಾನಿ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಸಂಕೇತಕ್ಕೆಂದು ತೇಲಿಬಿಟ್ಟ ದೀಪಗಳ ನೆನಪು. ಶನಿವಾರ ಅಲ್ಲಿ ಕಾಲಿಡಲು ಜಾಗವಿರದು, ಮಂಗಳವಾರ ಹೋದರೆ ಸೇತುವೆಯ ಮೇಲೆ ಆರಾಮವಾಗಿ ನಿಲ್ಲಬಹುದು.

ಒಂದು ಅಡ್ಡಮಾತು. ಬುಸಾನ್ ಪಕ್ಕದ ಗಿಮ್ಹೇಯಲ್ಲಿ ರಾಣಿ ಹೊ ಹ್ವಾಂಗ್‌ಒಕ್‌ಳ ಸಮಾಧಿಯಿದೆ. ಕ್ರಿ.ಶ. 48ರಲ್ಲಿ ‘ಅಯುತ’ ಎಂಬ ದೇಶದಿಂದ ಹಡಗಿನಲ್ಲಿ ಬಂದು ರಾಜ ಸುರೊನನ್ನು ಮದುವೆಯಾದಳೆಂದು 13ನೇ ಶತಮಾನದ ‘ಸಾಮ್‌ಗುಕ್ ಯುಸಾ’ ಹೇಳುತ್ತದೆ. ಅದನ್ನು ಅಯೋಧ್ಯೆ ಎಂದವರಿದ್ದಾರೆ, ಇತಿಹಾಸಕಾರರು ಒಪ್ಪಿಲ್ಲ. ಆದರೆ ಗಿಮ್ಹೇ ಕಿಮ್, ಗಿಮ್ಹೇ ಹೊ ಮನೆತನಗಳು ತಾವು ಇದೇ ದಂಪತಿಯ ಸಂತಾನವೆಂದು ಪರಸ್ಪರ ಹೆಣ್ಣು ತರದೆ, ಸಗೋತ್ರದವರಂತೆ ನಡೆದುಕೊಂಡು ಬಂದಿವೆ. ಬುಸಾನ್‌ನಿಂದ ಲಘು ರೈಲಿದೆ. ಸುರೊ ರಾಜನ ಸಮಾಧಿಯ ಹೆಸರಿನದೇ ನಿಲ್ದಾಣ. ಗಿಮ್ಹೇ ವಲಸೆ ಕಾರ್ಮಿಕರ ಊರೂ ಹೌದು, ದೊಂಗ್ಸಾಂಗ್ ಪೇಟೆಯಲ್ಲಿ ನಮ್ಮ ಮಸಾಲೆ ಸಾಮಾನು ಸಿಗುತ್ತದೆ. ಒಂದೇ ಪ್ರಯಾಣದಲ್ಲಿ ಎರಡು ಕೆಲಸ.

6. ಒಂದು ರಾತ್ರಿ ಗುಡಿಯಲ್ಲಿ

2002ರ ವಿಶ್ವಕಪ್ ಫುಟ್ಬಾಲ್ ಹೊತ್ತಿಗೆ ವಸತಿಯ ಕೊರತೆ ನೀಗಿಸಲು ಆರಂಭವಾದ ‘ಟೆಂಪಲ್ ಸ್ಟೇ’ ಈಗ ದೇಶದ ನೂರಕ್ಕೂ ಹೆಚ್ಚು ಬೌದ್ಧ ಗುಡಿಗಳಲ್ಲಿದೆ. ಎರಡು ಬಗೆ: ಕಾರ್ಯಕ್ರಮಗಳಿರುವುದು, ಬರೀ ವಿಶ್ರಾಂತಿಯದು. ಮೊದಲ ಸಲ ಕಾರ್ಯಕ್ರಮದ್ದನ್ನೇ ಆರಿಸಿ. ನಸುಕಿನ ನಾಲ್ಕರ ಸುಮಾರಿಗೆ ಮರದ ಮೊಕ್ತಾಕ್ ಬಡಿದು ಎಬ್ಬಿಸುತ್ತಾರೆ, ಪೂಜೆ, 108 ನಮಸ್ಕಾರ, ಮೌನದ ಊಟ. ಬಟ್ಟಲಿಗೆ ಹಾಕಿಸಿಕೊಂಡ ಒಂದು ಅಗಳನ್ನೂ ಬಿಡುವಂತಿಲ್ಲ. ಊಟ ಪೂರ್ತಿ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ವ್ರತದ ಅಡುಗೆ ತಿಂದು ರೂಢಿಯಿರುವವರಿಗೆ ಇಡೀ ಕೊರಿಯಾದಲ್ಲಿ ಇದಕ್ಕಿಂತ ನಿಶ್ಚಿಂತೆಯ ಊಟ ಇನ್ನೊಂದಿಲ್ಲ.

ದೇಜೋನ್‌ನಲ್ಲಿರುವವರಿಗೆ ಹತ್ತಿರದ್ದು ಗೊಂಗ್ಜು ಬಳಿಯ ಮಾಗೊಕ್ಸಾ. ದಕ್ಷಿಣದ ಸುಂಚೊನ್ ಕಡೆಯವರಿಗೆ ಸೊನಾಮ್ಸಾ. ಎರಡೂ 2018ರಲ್ಲಿ ಯುನೆಸ್ಕೊ ಆರಿಸಿದ ಏಳು ಬೆಟ್ಟದ ಗುಡಿಗಳಲ್ಲಿ ಸೇರಿವೆ. ಹೇಇನ್ಸಾ ಗುಡಿಯಲ್ಲಿ 13ನೇ ಶತಮಾನದಲ್ಲಿ ಕೊರೆದ 81,258 ತ್ರಿಪಿಟಕದ ಮರದ ಅಚ್ಚುಗಳಿವೆ. ಗಾಳಿಯೋಡಾಟಕ್ಕೆ ಕಿಟಕಿಗಳನ್ನು ಲೆಕ್ಕಹಾಕಿ ಬೇರೆಬೇರೆ ಅಳತೆಯಲ್ಲಿ ಇಟ್ಟ ಆ ಉಗ್ರಾಣವನ್ನು ಹೊರಗಿನಿಂದಲಾದರೂ ನೋಡಬೇಕು. 2023ರ ಮೇ ತಿಂಗಳಿಂದ ಇಂಥ ಬಹುತೇಕ ಗುಡಿಗಳ ಪ್ರವೇಶಶುಲ್ಕ ರದ್ದಾಗಿದೆ.

7. ಸಸ್ಯಾಹಾರಿಗಳು ಹೊರಡುವ ಮುನ್ನ

ಮಾಂಸ ಬೇಡ ಎಂದರೆ ಸಾಲದು. ಸಾಮಾನ್ಯ ಕಿಮ್ಚಿಯಲ್ಲಿ ಉಪ್ಪುಹಾಕಿದ ಸೀಗಡಿ ಅಥವಾ ಮೀನಿನ ರಸವಿರುತ್ತದೆ, ದೊಯೆಂಜಾಂಗ್ ಸಾರಿಗೆ ಒಣಮೀನಿನ ನೀರು, ಗಿಂಬಾಪ್‌ನಲ್ಲಿ ಹ್ಯಾಮ್ ಇಲ್ಲವೇ ಮೀನಿನ ಹಿಟ್ಟು. ‘ಗೊಗಿ’ ಎಂದರೆ ಮಾಂಸ, ‘ಮ್ಯೊಲ್ಚಿ ಯುಕ್ಸು’ ಎಂದರೆ ಒಣಮೀನಿನ ಕಟ್ಟು. ಎರಡನ್ನೂ ಬೇರೆಬೇರೆಯಾಗಿ ಕೇಳಿ. ಗುಡಿಗಳ ಬುಡದಲ್ಲಿರುವ ಹೋಟೆಲುಗಳ ‘ಸಾನ್ಚೆ ಬಿಬಿಂಬಾಪ್’, ಗಂಗ್‌ವಾನ್ ಕಡೆಯ ಆಲೂಗಡ್ಡೆ ದೋಸೆ ‘ಗಾಮ್ಜಾಜೊನ್’, ಬೇಸಿಗೆಯಲ್ಲಿ ತಣ್ಣನೆಯ ಸೋಯಾ ಹಾಲಿನ ‘ಕೊಂಗುಕ್ಸು’ ಹೆಚ್ಚು ಸುರಕ್ಷಿತ. ದ್ವೀಪಗಳಿಗೆ ಹೋಗುವಾಗ ಮಾತ್ರ ಚಪಾತಿಯನ್ನೋ ಅವಲಕ್ಕಿಯನ್ನೋ ಕಟ್ಟಿಕೊಳ್ಳಿ.

8. ಜನ ಕಡಿಮೆ ಹೋಗುವ ಜಾಗಗಳು

‘ಗುಟ್ಟಿನ ತಾಣ’ ಎಂಬ ಹಣೆಪಟ್ಟಿಯೊಂದಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಬರುವಲ್ಲಿಗೆ ಹೋದರೆ ಕಾಫಿ ಅಂಗಡಿಯ ಮುಂದೆ ಸರದಿ ಸಿಗುತ್ತದೆ. ಕೆಳಗಿನವು ಕೊರಿಯನ್ನರಿಗೆ ಗೊತ್ತಿರುವವೇ. ವಿದೇಶಿಯರು ಕಡಿಮೆ, ಕಾರಣ ಬಸ್ಸು ಕಡಿಮೆ ಅಥವಾ ಹೆಸರು ಬರೆಸಬೇಕು.

ಚಾಂಗ್ನ್ಯೊಂಗ್ ಬಳಿಯ ಉಪೊ ಜೌಗು ದೇಶದ ಅತಿ ದೊಡ್ಡ ಒಳನಾಡಿನ ಜೌಗುಪ್ರದೇಶ, 1998ರಿಂದ ರಾಮ್ಸರ್ ತಾಣ. ದೇಗು ಅಥವಾ ಬುಸಾನ್‌ನಿಂದ ಬಸ್ಸಿನಲ್ಲಿ ಚಾಂಗ್ನ್ಯೊಂಗ್‌ಗೆ ಹೋಗಿ ರಾತ್ರಿ ಉಳಿದು, ಬೆಳಗಿನ ಮೊದಲ ಬೆಳಕಿಗೆ ಅಲ್ಲಿರಬೇಕು. ಮಂಜಿನ ನಡುವೆ ಚಪ್ಪಟೆ ತಳದ ದೋಣಿಯಲ್ಲಿ ಮೀನುಗಾರರು ಹುಟ್ಟು ಹಾಕುತ್ತ ಬರುತ್ತಾರೆ. ಕೊರಿಯಾದಲ್ಲಿ 1979ರ ಬಳಿಕ ಕಾಣೆಯಾಗಿದ್ದ ಜುಟ್ಟಿನ ಕೆಂಬರಲನ್ನು 2008ರಲ್ಲಿ ಚೀನಾದಿಂದ ತಂದು ಇಲ್ಲೇ ಮರಿ ಮಾಡಿಸಿ, 2019ರಲ್ಲಿ ಮೊದಲ ಸಲ ಹೊರಬಿಟ್ಟರು. ಆಗಸ್ಟ್ ಕೊನೆಗೆ ನೀರೆಲ್ಲ ಮುಳ್ಳುತಾವರೆಯ ದೊಡ್ಡ ಎಲೆ, ಚಳಿಗಾಲದಲ್ಲಿ ಹೆಬ್ಬಾತುಗಳು. ಒಂದೇ ಸಲ ಹೋಗುವ ಜಾಗ ಇದಲ್ಲ.

ಉತ್ತರಕ್ಕೆ, ಗಡಿಯ ಸಮೀಪದ ಚೊರ್ವಾನ್‌ನಲ್ಲಿ ಹಾಂತಾನ್ ನದಿ. ಈಗಿನ ಉತ್ತರ ಕೊರಿಯಾದ ನೆಲದಲ್ಲಿ ಲಕ್ಷಾಂತರ ವರ್ಷ ಹಿಂದೆ ಉಕ್ಕಿದ ಲಾವಾ ಹರಿದು ಬಂದು ತಣಿದು, ಷಟ್ಕೋನದ ಕಂಬಗಳಾಗಿ ಸೀಳಿ ನಿಂತಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನಾವು ನೋಡುವುದೂ ಇದೇ ಬಗೆಯ ಕಲ್ಲುಕಂಬ. ಅದು ಕೋಟಿಗಟ್ಟಲೆ ವರ್ಷ ಹಳೆಯದು, ಇದು ಅದರ ಮುಂದೆ ನಿನ್ನೆಯದು. ಪ್ರಪಾತದ ಗೋಡೆಗೆ ಅಂಟಿಸಿದಂತಿರುವ 3.6 ಕಿ.ಮೀ. ಕಾಲುದಾರಿ 2021ರಲ್ಲಿ ತೆರೆಯಿತು. ಚಳಿಗಾಲದಲ್ಲಿ ನದಿಯ ಮೇಲೆಯೇ ತೇಲುವ ದಾರಿ ಹಾಕುತ್ತಾರೆ, ಆ ಹೊತ್ತಿಗೆ ಸುತ್ತಲ ಗದ್ದೆಗಳಲ್ಲಿ ಕೆಂಪುನೆತ್ತಿಯ ಕ್ರೌಂಚಗಳೂ ಇಳಿದಿರುತ್ತವೆ. ಹೋಗುವುದಾದರೆ ಜನವರಿ.

ಗಂಗ್‌ವಾನ್‌ನ ಗೊಂಬೆರ್ಯೊಂಗ್ 1,164 ಮೀಟರ್ ಎತ್ತರದ ಹುಲ್ಲುಗಾವಲು, ವಸಂತದಿಂದ ಶರತ್ಕಾಲದವರೆಗೆ ಕಾಡುಹೂಗಳ ಸರದಿ. ದಿನಕ್ಕೆ ಇಂತಿಷ್ಟೇ ಜನ; ಸೋಮವಾರ, ಮಂಗಳವಾರ ಬಾಗಿಲು ಹಾಕಿರುತ್ತದೆ. ಅರಣ್ಯ ಇಲಾಖೆಯ ‘ಸುಪ್ ನಾದೂರಿ’ ತಾಣದಲ್ಲಿ ಹೆಸರು ಬರೆಸಬೇಕು. ಫೋನಿನ ಹೆಸರು ಸರಿಯಿರಬೇಕು ಎಂದದ್ದು ಇದಕ್ಕೇ. ಅದೇ ತಾಣದಲ್ಲಿ ಸರಕಾರಿ ಅರಣ್ಯಧಾಮಗಳ ಮರದ ಮನೆಗಳೂ ಹೋಟೆಲಿಗಿಂತ ಅಗ್ಗಕ್ಕೆ ಸಿಗುತ್ತವೆ.

ಚೊಂಗ್ಸೊಂಗ್ ಜಿಲ್ಲೆಯ ಜುಸಾನ್ಜಿ ಕೆರೆಯನ್ನು 1720–21ರಲ್ಲಿ ಬೇಸಾಯಕ್ಕೆ ಕಟ್ಟಿದ್ದು. ನೀರಿನೊಳಗೇ ಬೇರುಬಿಟ್ಟು ನಿಂತ ಮುದಿ ವಿಲ್ಲೊ ಮರಗಳಿವೆ. ಕಿಮ್ ಕಿ-ದುಕ್‌ರ 2003ರ ಚಿತ್ರ ‘ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್... ಅಂಡ್ ಸ್ಪ್ರಿಂಗ್’ನ ತೇಲುವ ಗುಡಿಯನ್ನು ಇಲ್ಲೇ ಚಿತ್ರೀಕರಣಕ್ಕೆಂದು ಕಟ್ಟಿ, ಆಮೇಲೆ ತೆಗೆದರು. ಅಕ್ಟೋಬರ್ ಕೊನೆಯಲ್ಲಿ ಛಾಯಾಗ್ರಾಹಕರ ಸಾಲು ಇರುತ್ತದೆ. ಮೇ ತಿಂಗಳ ಚಿಗುರಿಗೆ ಹೋದರೆ ಕೆರೆ ನಿಮ್ಮದೇ.

ದಕ್ಷಿಣದ ತುದಿಯಲ್ಲಿ, ವಾಂದೊ ಬಂದರಿನಿಂದ 50 ನಿಮಿಷದ ಹಡಗಿನ ದಾರಿಗೆ ಚೊಂಗ್ಸಾನ್ ದ್ವೀಪ. 2007ರಲ್ಲಿ ಏಷ್ಯಾದ ಮೊದಲ ‘ನಿಧಾನ ಊರು’ಗಳಲ್ಲಿ ಒಂದೆಂದು ಹೆಸರಾಯಿತು. ಕಲ್ಲೇ ತುಂಬಿದ, ನೀರು ನಿಲ್ಲದ ಇಳಿಜಾರಿನಲ್ಲಿ ಅಲ್ಲಿಯ ರೈತರು ಮನೆಯ ಬೆಚ್ಚನೆಯ ನೆಲ ಕಟ್ಟುವ ಒಂದೊಲ್‌ನ ಉಪಾಯವನ್ನೇ ಗದ್ದೆಗೆ ಬಳಸಿದರು: ಚಪ್ಪಡಿ ಹಾಸಿ, ಅಡಿಯಲ್ಲಿ ನೀರಿನ ಕಾಲುವೆ ಬಿಟ್ಟು, ಮೇಲೆ ಮಣ್ಣು ಹೊದಿಸಿದರು. ಈ ಮೆಟ್ಟಿಲು ಗದ್ದೆಗಳನ್ನು 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೃಷಿ ಪರಂಪರೆಯೆಂದು ಗುರುತಿಸಿತು. ದ್ವೀಪದ ಕಾಲುದಾರಿಗಳ ಒಟ್ಟು ಉದ್ದ ಮ್ಯಾರಥಾನ್‌ನಷ್ಟೇ, 42.195 ಕಿ.ಮೀ. ಏಪ್ರಿಲ್‌ನಲ್ಲಿ ಸಾಸಿವೆ ಜಾತಿಯ ಹಳದಿ ಹೂವು, ಹಸಿರು ಬಾರ್ಲಿ.

ಜೆಜು ಎಲ್ಲರಿಗೂ ಗೊತ್ತು. ಆದರೆ ಪತ್ರಕರ್ತೆ ಸೊ ಮ್ಯೊಂಗ್-ಸುಕ್ 2007ರಲ್ಲಿ ಆರಂಭಿಸಿದ ‘ಒಲ್ಲೆ’ ಕಾಲುದಾರಿಗಳು ಇಡೀ ದ್ವೀಪವನ್ನು ಸುತ್ತುತ್ತವೆ: 27 ದಾರಿ, 437 ಕಿ.ಮೀ. ನೀಲಿ, ಕಿತ್ತಳೆ ಪಟ್ಟಿಗಳನ್ನು ಹಿಂಬಾಲಿಸಿದರೆ ನಕ್ಷೆ ಬೇಡ. ಮಳೆಯ ದಿನವಾದರೆ ಕಡಲು ಬಿಟ್ಟು ಸೊನ್ಹುಲ್ ಹಳ್ಳಿಯ ದೊಂಗ್ಬೆಕ್ ದೊಂಗ್ಸಾನ್ ಕಾಡಿಗೆ ಹೋಗಿ. ಲಾವಾ ಕಲ್ಲಿನ ಮೇಲೆ ಬೆಳೆದ ‘ಗೊಚಾವಲ್’ ಕಾಡು, ಮಳೆಯಲ್ಲೇ ಅದಕ್ಕೆ ಕಳೆ.

9. ಬೆಟ್ಟದ ಕಟ್ಟಳೆ

ವಸಂತದಲ್ಲೂ ನವೆಂಬರ್ ಹೊತ್ತಿಗೂ ಕಾಳ್ಗಿಚ್ಚಿನ ಭಯಕ್ಕೆ ಹಲವು ದಾರಿಗಳನ್ನು ವಾರಗಟ್ಟಲೆ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ರಾಷ್ಟ್ರೀಯ ಉದ್ಯಾನದ ತಾಣ ನೋಡಿ ಅಥವಾ 1330ಕ್ಕೆ ಕೇಳಿ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ‘ಚಾಂಗ್ಮಾ’ ಮಳೆ, ಆಮೇಲೆ ಚಂಡಮಾರುತದ ಕಾಲ. ಆಗ ಕಣಿವೆ, ದ್ವೀಪ ಎರಡೂ ಬೇಡ. ದ್ವೀಪದ ಹಡಗಿಗೆ ನಿವಾಸಿ ಕಾರ್ಡಿನಂಥ ಗುರುತಿನ ಚೀಟಿ ಇಲ್ಲದೆ ಹತ್ತಿಸುವುದಿಲ್ಲ. ಗಾಳಿಯೆದ್ದರೆ ಹಡಗು ರದ್ದು. ಉಲ್ಲುಂಗ್ ದ್ವೀಪದಂಥ ದೂರದ್ದಕ್ಕೆ ಹೋಗುವವರು ಮರುದಿನ ಮುಖ್ಯವಾದ ಮೀಟಿಂಗ್ ಇಟ್ಟುಕೊಳ್ಳಬಾರದು.

ರಾಷ್ಟ್ರೀಯ ಉದ್ಯಾನಗಳಲ್ಲಿ ಹತ್ತಲು ಶುರುಮಾಡುವ ಹೊತ್ತು ನಿಗದಿಯಾಗಿರುತ್ತದೆ, ಚಳಿಗಾಲದಲ್ಲಿ ಮಧ್ಯಾಹ್ನಕ್ಕೆ ಮೊದಲೇ ಗೇಟು ಹಾಕುವ ದಾರಿಗಳಿವೆ. ಶಿಖರಗಳ ಮೇಲೆ 2018ರಿಂದ ಮದ್ಯ ನಿಷಿದ್ಧ. ಓಕ್ ಕಾಯಿಯನ್ನಾಗಲಿ ಸೊಪ್ಪನ್ನಾಗಲಿ ಆರಿಸಿಕೊಂಡರೆ ದಂಡ. ಜಿರಿಸಾನ್‌ನಲ್ಲಿ 2004ರಿಂದ ಕರಡಿಗಳನ್ನು ಮರಳಿ ಬಿಟ್ಟಿದ್ದಾರೆ, ದಾರಿ ಬಿಟ್ಟು ಒಳನುಗ್ಗಬೇಡಿ. ಬೇಸಿಗೆಯಲ್ಲೂ ಉದ್ದ ತೋಳಿನ ಬಟ್ಟೆ ತೊಡಿ. ಹುಲ್ಲಿನ ಉಣ್ಣೆ ಕಚ್ಚಿ ಜ್ವರ ಬರುವುದುಂಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೂಟಿಗೆ ಕಟ್ಟುವ ಉಕ್ಕಿನ ಹಲ್ಲು ‘ಐಜೆನ್’ ಚೀಲದಲ್ಲಿರಲಿ, ಎಲ್ಲ ಊರಲ್ಲೂ ಸಿಗುತ್ತದೆ. ಮೊದಲ ಸಲ ಹತ್ತುವವರು ಬೂಟು ಕೊಳ್ಳುವ ಮುನ್ನ ಸೋಲ್‌ನ ಬುಖಾನ್ಸಾನ್ ಬುಡದ ಚಾರಣ ಕೇಂದ್ರದಲ್ಲಿ ಬಾಡಿಗೆಗೆ ಪಡೆಯಬಹುದು; ವಿದೇಶಿಯರಿಗೆಂದೇ ಇಟ್ಟಿದ್ದಾರೆ. ಕಸದ ಬುಟ್ಟಿ ಬೆಟ್ಟದಲ್ಲೂ ಇಲ್ಲ, ನಿಲ್ದಾಣದಲ್ಲೂ ಅಪರೂಪ. ಖಾಲಿ ಚೀಲವೊಂದನ್ನು ಇಟ್ಟುಕೊಂಡು ಕಸವನ್ನು ಮನೆಗೇ ತನ್ನಿ.

ಕಾಲು ಉಳುಕಿದರೆ, ದಾರಿ ತಪ್ಪಿದರೆ 119. ಚಾರಣದ ದಾರಿಗಳಲ್ಲಿ ಅಲ್ಲಲ್ಲಿ ಅಂಕಿ, ಅಕ್ಷರ ಬರೆದ ಕಂಬ ಅಥವಾ ಫಲಕ ಇರುತ್ತದೆ. ಪ್ರತಿ ಸಲ ದಾಟುವಾಗ ಅದರ ಫೋಟೊ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಸಹಾಯಕ್ಕೆ ಕರೆ ಮಾಡಿದಾಗ ಬೆಟ್ಟದ ಹೆಸರು, ಕೊನೆಯದಾಗಿ ದಾಟಿದ ಫಲಕದ ಸಂಖ್ಯೆ, ಅಲ್ಲಿಂದ ಎಷ್ಟು ಹೊತ್ತು ನಡೆದಿರಿ ಎಂಬುದು: ಇಷ್ಟು ಹೇಳಿದರೆ ಅವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.